ರಾಸಾಯನಿಕ ಅಪಾಯವಿರುವ ಜಾಗಕ್ಕೆ ಶಸ್ತ್ರಸಜ್ಜಿತ ಪೊಲೀಸ್ ತಂಡ: ತರಬೇತಿಯನ್ನು ಎಲ್ಲಿಂದ ಆರಂಭಿಸಬೇಕು?

ಪ್ರಶ್ನೆ: ತರಬೇತುದಾರ, ಮಂಡ್ಯ

ಮಂಡ್ಯದಲ್ಲಿ ಜಿಲ್ಲಾ ಸಶಸ್ತ್ರ ಮೀಸಲು ಪಡೆಯ ಕ್ಷಿಪ್ರ ಕಾರ್ಯಾಚರಣೆ ತಂಡಕ್ಕೆ ತರಬೇತಿ ನೀಡುವವರಲ್ಲಿ ನಾನೂ ಒಬ್ಬ. ಕಟ್ಟಡದೊಳಕ್ಕೆ ನುಗ್ಗುವುದು, ಕೋಣೆಯಿಂದ ಕೋಣೆಗೆ ಸಾಗುವುದು, ಶಸ್ತ್ರಧಾರಿಯನ್ನು ಹಿಡಿದು ಒತ್ತೆಯಾಳನ್ನು ಹೊರತರುವುದು, ಇವುಗಳಲ್ಲಿ ನಮ್ಮ ಹುಡುಗರ ಕೈ ಪಳಗಿದೆ. ಆದರೆ ಒಳಗಿನ ಗಾಳಿಯೇ ಉಸಿರಾಡಲು ಯೋಗ್ಯವಲ್ಲದ ಕಡೆ ಇದೇ ಕೆಲಸವನ್ನು ಹೇಗೆ ಮಾಡಬೇಕು, ಅಥವಾ ಮಾಡಲೇಬಾರದೆಂದು ಯಾರು ಹೇಳಬೇಕು ಎಂಬುದಕ್ಕೆ ನಮ್ಮಲ್ಲಿ ವ್ಯವಸ್ಥಿತವಾದ ಪಾಠವಿಲ್ಲ.

ಈಗ ಈ ಪ್ರಶ್ನೆ ಕೇಳಲು ಕಾರಣವಿದೆ. 2025ರ ಜುಲೈನಲ್ಲಿ ಮುಂಬೈ ಪೊಲೀಸರು ಮೈಸೂರಿನ ರಿಂಗ್ ರಸ್ತೆ ಬದಿಯ ಕಟ್ಟಡವೊಂದರ ಮೇಲೆ ದಾಳಿ ನಡೆಸಿ, ಅಲ್ಲಿ ಮೆಫೆಡ್ರೋನ್ ಎಂಬ ಮಾದಕವಸ್ತು ತಯಾರಾಗುತ್ತಿತ್ತೆಂದು ಪ್ರಕಟಿಸಿದರು. ಅಂಥ ಘಟಕವೆಂದರೆ ದ್ರಾವಕದ ಡ್ರಮ್ಮುಗಳು, ಆಮ್ಲದ ಕ್ಯಾನುಗಳು, ಕಿಟಕಿ ಮುಚ್ಚಿದ ಕೋಣೆ. ನಾಳೆ ನಮ್ಮ ಜಿಲ್ಲೆಯಲ್ಲೇ ಅಂಥದೊಂದು ಮಾಹಿತಿ ಬಂದರೆ ಬಾಗಿಲು ಒಡೆಯುವವರು ನಮ್ಮವರೇ. ಇದಲ್ಲದೆ ಸಕ್ಕರೆ ಕಾರ್ಖಾನೆಗಳಿಗೆ ಹೊಂದಿಕೊಂಡ ಡಿಸ್ಟಿಲರಿಗಳು, ಹಾಲಿನ ಡೇರಿ ಮತ್ತು ಶೀತಲಗೃಹಗಳ ಅಮೋನಿಯ, ನೀರು ಶುದ್ಧೀಕರಣ ಘಟಕಗಳ ಕ್ಲೋರಿನ್, ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಹಗಲು ರಾತ್ರಿ ಓಡುವ ಟ್ಯಾಂಕರುಗಳು, ಇವೆಲ್ಲ ನಮ್ಮ ಸುತ್ತಲೇ ಇವೆ. ಇಂಥ ಜಾಗದಲ್ಲಿ ಒಬ್ಬ ಆಯುಧ ಹಿಡಿದು ಕುಳಿತರೆ ಅಗ್ನಿಶಾಮಕದವರು ಒಳಗೆ ಹೋಗಲಾರರು, ಆಯುಧವಿರುವ ನಾವು ಸುರಕ್ಷಿತವಾಗಿ ಉಸಿರಾಡಲಾರೆವು. ರಾಷ್ಟ್ರೀಯ ವಿಪತ್ತು ಸ್ಪಂದನಾ ಪಡೆಯಲ್ಲಿ ಇದಕ್ಕೆಂದೇ ತರಬೇತಾದವರು ಇದ್ದಾರೆ. ಆದರೆ ನಮ್ಮ ಭಾಗದ ಹೊಣೆ ಹೊತ್ತ 10ನೇ ಬೆಟಾಲಿಯನ್ನಿನ ಕೇಂದ್ರ ಇರುವುದು ಆಂಧ್ರದಲ್ಲಿ. ಅವರು ಬರುವವರೆಗಿನ ಗಂಟೆಗಳು ನಮ್ಮವು.

ಯಾವ ಉಪಕರಣ ಮೊದಲು ಬೇಕು, ತರಬೇತಿಯ ಕ್ರಮವೇನು, ಪ್ರವೇಶದ ತೀರ್ಮಾನ ಯಾರದು ಎಂಬುದನ್ನು ಅನುಭವಸ್ಥರು ದಯವಿಟ್ಟು ತಿಳಿಸಬೇಕು. ದಾಳಿಯ ಮಹಜರಿಗೆ ಪಂಚರನ್ನು ಅಂಥ ಕೋಣೆಗೆ ಕರೆದೊಯ್ಯುವುದು ಹೇಗೆಂಬುದೂ ನನ್ನನ್ನು ಬಹಳ ಕಾಡುತ್ತಿದೆ.

ಉತ್ತರ 1: ನಿವೃತ್ತ ಅಗ್ನಿಶಾಮಕ ಅಧಿಕಾರಿ, ಮೈಸೂರು

ನೀವು ಉಪಕರಣದ ಪ್ರಶ್ನೆಯನ್ನು ಮೊದಲು ಕೇಳಿದ್ದೀರಿ. ನಾನು ಅದನ್ನು ಕೊನೆಗೆ ಇಡುತ್ತೇನೆ. ದುಬಾರಿ ಉಡುಪು ಕೊಂಡು ಬೀರುವಿನಲ್ಲಿಟ್ಟು, ಅದನ್ನು ತೊಟ್ಟು ಒಮ್ಮೆಯೂ ಮೆಟ್ಟಿಲು ಹತ್ತಿಸದ ತಂಡಕ್ಕಿಂತ, ಉಡುಪಿಲ್ಲದಿದ್ದರೂ ಎಲ್ಲಿ ನಿಲ್ಲಬೇಕೆಂದು ಬಲ್ಲ ತಂಡ ಹೆಚ್ಚು ಸುರಕ್ಷಿತವಾಗಿರುತ್ತದೆ.

ಮೊದಲ ಪಾಠ ಗುರುತಿಸುವುದು. ಟ್ಯಾಂಕರಿನ ಹಿಂಬದಿ ಮತ್ತು ಪಕ್ಕದ ಫಲಕದಲ್ಲಿ ನಾಲ್ಕಂಕಿಯ ವಿಶ್ವಸಂಸ್ಥೆ ಸಂಖ್ಯೆಯೂ, ಸೋರಿದಾಗ ಏನು ಮಾಡಬೇಕೆಂದು ಸೂಚಿಸುವ ಹ್ಯಾಜ್‌ಕೆಮ್ ಸಂಕೇತವೂ ಇರುತ್ತವೆ: ಅಮೋನಿಯಕ್ಕೆ 1005, ಕ್ಲೋರಿನ್‌ಗೆ 1017, ಎಲ್‌ಪಿಜಿಗೆ 1075, ಎಥನಾಲ್‌ಗೆ 1170, ಪೆಟ್ರೋಲಿಗೆ 1203. ಇವನ್ನು ದುರ್ಬೀನಿನಲ್ಲಿ ದೂರದಿಂದ ಓದಿ ವೈರ್‌ಲೆಸ್‌ನಲ್ಲಿ ತಪ್ಪಿಲ್ಲದೆ ಹೇಳುವ ಅಭ್ಯಾಸ ಪ್ರತಿಯೊಬ್ಬ ಪೇದೆಗೂ ಆಗಬೇಕು. ಗಾಳಿ ಯಾವ ಕಡೆಯಿಂದ ಬೀಸುತ್ತಿದೆಯೋ ಆ ಕಡೆಯಿಂದ, ಎತ್ತರದ ನೆಲದಿಂದ ಸಮೀಪಿಸುವುದು ಎರಡನೆಯ ಪಾಠ. ಸಿನಿಮೀಯವಾಗಿ ಜೀಪನ್ನು ಗೇಟಿನವರೆಗೆ ನುಗ್ಗಿಸುವ ಚಾಳಿ ಇಲ್ಲಿ ಬಿಡಬೇಕು.

ಇನ್ನು ಬಿಎ ಸೆಟ್ಟಿನ, ಅಂದರೆ ಬೆನ್ನಿಗೆ ಕಟ್ಟುವ ಗಾಳಿ ಸಿಲಿಂಡರು ಮತ್ತು ಮುಖವಾಡದ ಉಸಿರಾಟ ಉಪಕರಣದ ಲೆಕ್ಕ. ನಿಮ್ಮ ಯೋಜನೆಯನ್ನೆಲ್ಲ ಇದೇ ಆಳುತ್ತದೆ, ಆದ್ದರಿಂದ ಸ್ವಲ್ಪ ವಿವರವಾಗಿ ಬರೆಯುತ್ತೇನೆ. 6.8 ಲೀಟರಿನ ಸಿಲಿಂಡರನ್ನು 300 ಬಾರ್ ಒತ್ತಡಕ್ಕೆ ತುಂಬಿದರೆ ಸುಮಾರು 2,040 ಲೀಟರ್ ಗಾಳಿ ಇರುತ್ತದೆ. ಒತ್ತಡ 50ರಿಂದ 55 ಬಾರ್‌ಗೆ ಇಳಿದಾಗ ಸೀಟಿ ಕೂಗುತ್ತದೆ; ಆಮೇಲಿನದು ಪ್ರಾಣ ಉಳಿಸಿಕೊಳ್ಳಲು ಇಟ್ಟ ಮೀಸಲು, ಅದನ್ನು ಯೋಜನೆಯಲ್ಲಿ ಎಣಿಸಬಾರದು. ಉಳಿಯುವುದು 1,700 ಲೀಟರ್. ಸಾಧಾರಣ ಕೆಲಸಕ್ಕೆ ನಿಮಿಷಕ್ಕೆ 40 ಲೀಟರ್ ಎಂದು ಹಿಡಿದರೆ 42 ನಿಮಿಷ ಸಿಗುತ್ತದೆಂದು ಕಾಗದ ಹೇಳುತ್ತದೆ. ಗುಂಡುನಿರೋಧಕ ಅಂಗಿ, ಗುರಾಣಿ, ಬಂದೂಕು ಹೊತ್ತು, ಎದೆಬಡಿತ ಏರಿದ ಮನುಷ್ಯ ನಿಮಿಷಕ್ಕೆ 80 ಲೀಟರ್ ಎಳೆದರೆ ಅದು 21 ನಿಮಿಷಕ್ಕೆ ಇಳಿಯುತ್ತದೆ. ಒಳಗೆ ಹೋಗಲು ಐದು, ಹಿಂದಿರುಗಲು ಐದು, ಹೊರಬಂದ ಮೇಲೆ ಮುಖವಾಡ ತೆಗೆಯದೆಯೇ ಮೈ ತೊಳೆಸಿಕೊಳ್ಳಲು ಇನ್ನೊಂದೈದು ನಿಮಿಷ ಕಳೆಯಿರಿ. ಕೋಣೆಗಳನ್ನು ಜಾಲಾಡಲು ನಿಮ್ಮ ಕೈಯಲ್ಲಿ ಉಳಿಯುವುದು ಆರು ನಿಮಿಷ. ಈ ಲೆಕ್ಕವನ್ನು ಬೇರೆಯವರ ಪುಸ್ತಕದಿಂದ ತರಬೇಡಿ. ನಿಮ್ಮ ತಂಡದ ಪ್ರತಿಯೊಬ್ಬನನ್ನೂ ಪೂರ್ತಿ ಸಜ್ಜಿನಲ್ಲಿ ಮೂರು ಮಹಡಿ ಹತ್ತಿಸಿ, ಮಾಪಕದಲ್ಲಿ ಎಷ್ಟು ಬಾರ್ ಇಳಿಯಿತೆಂದು ಬರೆದಿಡಿ. ಅತಿ ಹೆಚ್ಚು ಗಾಳಿ ಎಳೆಯುವವನ ಲೆಕ್ಕವೇ ಇಡೀ ತಂಡದ ಲೆಕ್ಕ. ಹೊರಗೆ ಒಬ್ಬ ಬೋರ್ಡು ಹಿಡಿದು ಯಾರು ಎಷ್ಟು ಹೊತ್ತಿಗೆ ಎಷ್ಟು ಒತ್ತಡದೊಂದಿಗೆ ಒಳಹೊಕ್ಕರೆಂದು ಬರೆಯುತ್ತಿರಬೇಕು. ಅವನಿಗೆ ಬೇರಾವ ಕೆಲಸವನ್ನೂ ಕೊಡಕೂಡದು.

ನಿಮ್ಮ ಆಯುಧಗಳ ಬಗ್ಗೆಯೂ ಹೇಳಬೇಕು. ಉರಿಯುವ ಆವಿ ತುಂಬಿದ ಕೋಣೆಗೆ ಭಾರಿ ಶಬ್ದ, ಬೆಳಕಿನಿಂದ ಎದುರಾಳಿಯನ್ನು ದಿಗ್ಭ್ರಮೆಗೊಳಿಸುವ ಸ್ಟನ್ ಗ್ರೆನೇಡ್ ಎಸೆದರೆ ಕೋಣೆಯೇ ಸ್ಫೋಟಿಸಬಹುದು. ವಿದ್ಯುದಾಘಾತ ನೀಡುವ ಟೇಸರಿನ ಕಿಡಿ, ಬಂದೂಕಿನ ನಳಿಗೆಯ ಜ್ವಾಲೆ, ಮಾಮೂಲಿ ವಾಕಿಟಾಕಿ, ಮೊಬೈಲು, ಗೋಡೆಯ ಮೇಲಿನ ಲೈಟ್ ಸ್ವಿಚ್ಚು, ಎಲ್ಲವೂ ಕಿಡಿಯ ಮೂಲಗಳೇ. ಎಥನಾಲ್ ಆವಿ ಗಾಳಿಯಲ್ಲಿ ಶೇಕಡಾ 3.3 ತಲುಪಿದರೆ ಹೊತ್ತಿಕೊಳ್ಳಬಲ್ಲದು, ಎಲ್‌ಪಿಜಿಗೆ ಶೇಕಡಾ ಎರಡರ ಆಸುಪಾಸು ಸಾಕು. ಗ್ಯಾಸ್ ಡಿಟೆಕ್ಟರು ಈ ಕೆಳಮಿತಿಯ ಹತ್ತರಲ್ಲೊಂದು ಭಾಗ ತೋರಿಸಿದೊಡನೆ ತಂಡ ಹಿಂದಕ್ಕೆ ಬರಬೇಕೆಂಬ ನಿಯಮವನ್ನು ಯಾವ ಅಧಿಕಾರಿಯ ಒತ್ತಾಯಕ್ಕೂ ಸಡಿಲಿಸಬಾರದು. ಸಾಮಾನ್ಯ ನಾಲ್ಕು ಅನಿಲದ ಡಿಟೆಕ್ಟರು ಆಮ್ಲಜನಕ, ಉರಿಯುವ ಅನಿಲ, ಕಾರ್ಬನ್ ಮೊನಾಕ್ಸೈಡ್, ಹೈಡ್ರೋಜನ್ ಸಲ್ಫೈಡ್‌ಗಳನ್ನು ಮಾತ್ರ ಕಾಣುತ್ತದೆ. ಎದುರಿಗೇ ಕ್ಲೋರಿನ್ ಇದ್ದರೂ ಅದು ಕೂಗುವುದಿಲ್ಲ.

ತೀರ್ಮಾನ ಯಾರದೆಂದು ಕೇಳಿದ್ದೀರಿ. ಒಳಗಿರುವ ಮನುಷ್ಯನಿಂದ ಬರುವ ಅಪಾಯವನ್ನು ನೀವು ಅಳೆಯಿರಿ, ಒಳಗಿನ ಗಾಳಿಯ ಅಪಾಯವನ್ನು ಅಗ್ನಿಶಾಮಕದ ಅಧಿಕಾರಿ ಅಳೆಯಲಿ. ಇಬ್ಬರೂ ಒಂದೇ ಜಾಗದಲ್ಲಿ ಅಕ್ಕಪಕ್ಕ ನಿಂತಿರಬೇಕು, ಇಬ್ಬರಲ್ಲಿ ಯಾರು ಬೇಡವೆಂದರೂ ಪ್ರವೇಶ ನಿಲ್ಲಬೇಕು. ಮಾಕ್ ಡ್ರಿಲ್‌ಗಳಲ್ಲಿ ನಮ್ಮ ಗಾಡಿ ಒಂದು ಮೂಲೆಯಲ್ಲಿ, ಪೊಲೀಸರ ಗಾಡಿ ಇನ್ನೊಂದು ಮೂಲೆಯಲ್ಲಿ ನಿಂತದ್ದನ್ನು ಸೇವೆಯುದ್ದಕ್ಕೂ ನೋಡಿ ನೊಂದಿದ್ದೇನೆ.

ಉತ್ತರ 2: ಕಾರ್ಖಾನೆ ಸುರಕ್ಷತಾ ಅಧಿಕಾರಿ, ನಂಜನಗೂಡು

ಹಿರಿಯರು ಹೇಳಿದ್ದಕ್ಕೆ ಕಾರ್ಖಾನೆಯ ಒಳಗಿನಿಂದ ಕೆಲವು ಮಾತು ಸೇರಿಸುತ್ತೇನೆ.

ನಿಮ್ಮ ಜಿಲ್ಲೆಯ ಯಾವ ಕಾರ್ಖಾನೆಯಲ್ಲಿ ಏನು ಎಷ್ಟಿದೆ ಎಂಬುದು ರಹಸ್ಯವೇನಲ್ಲ. ಭೋಪಾಲ ದುರಂತದ ನಂತರ ಬಂದ 1989ರ ಅಪಾಯಕಾರಿ ರಾಸಾಯನಿಕ ನಿಯಮಗಳ ಪ್ರಕಾರ ನಿಗದಿತ ಪ್ರಮಾಣ ಮೀರಿ ದಾಸ್ತಾನು ಇಡುವವರು ಆವರಣದೊಳಗಿನ ತುರ್ತು ಯೋಜನೆ ಸಿದ್ಧಪಡಿಸಲೇಬೇಕು, ಹೊರಗಿನ ಯೋಜನೆ ಜಿಲ್ಲಾಡಳಿತದ ಹೊಣೆ. 1996ರ ರಾಸಾಯನಿಕ ಅಪಘಾತ ನಿಯಮಗಳು ಜಿಲ್ಲಾ ಮಟ್ಟದಲ್ಲಿ ಬಿಕ್ಕಟ್ಟು ನಿರ್ವಹಣಾ ಗುಂಪು ಇರಬೇಕೆನ್ನುತ್ತವೆ. ಆ ಗುಂಪಿನ ಸಭೆಗೆ ಪೊಲೀಸ್ ಇಲಾಖೆಯಿಂದ ಬಂದೋಬಸ್ತಿನ ಅಧಿಕಾರಿ ಬರುತ್ತಾರೆಯೇ ಹೊರತು, ನಿಜವಾಗಿ ಒಳಗೆ ನುಗ್ಗಬೇಕಾದ ತಂಡದ ಮುಖ್ಯಸ್ಥರನ್ನು ನಾನು ಅಲ್ಲಿ ಕಂಡಿಲ್ಲ. ನೀವೇ ಬನ್ನಿ. ದೊಡ್ಡ ಘಟಕಗಳನ್ನು ಕಾಲ್ನಡಿಗೆಯಲ್ಲಿ ಸುತ್ತಿ, ಸಂಗ್ರಹ ಎಲ್ಲಿದೆ, ಪ್ರವಾಹ ನಿಲ್ಲಿಸುವ ಕವಾಟ ಎಲ್ಲಿದೆ, ಗಾಳಿಯ ದಿಕ್ಕು ತೋರುವ ಗಾಳಿಚೀಲ ಎಲ್ಲಿಂದ ಕಾಣುತ್ತದೆ, ಎರಡನೆಯ ಗೇಟಿನ ಬೀಗದ ಕೈ ಯಾರ ಬಳಿ ಇರುತ್ತದೆ ಎಂದು ನಕ್ಷೆ ಮಾಡಿಕೊಳ್ಳಿ.

ರಾಸಾಯನಿಕ ಯಾವುದೆನ್ನುವುದರ ಮೇಲೆ ನಿಮ್ಮ ಯುದ್ಧತಂತ್ರವೇ ಬದಲಾಗುತ್ತದೆ. ಕ್ಲೋರಿನ್ ಗಾಳಿಗಿಂತ ಸುಮಾರು ಎರಡೂವರೆ ಪಟ್ಟು ಭಾರ, ನೆಲಕ್ಕೆ ಅಂಟಿ ಚರಂಡಿ, ನೆಲಮಾಳಿಗೆಗಳಲ್ಲಿ ತುಂಬುತ್ತದೆ. ಹಾಗಾಗಿ ನಿಮ್ಮವರು ಅಭ್ಯಾಸಬಲದಿಂದ ನೆಲಕ್ಕೆ ಒರಗಿ ಮರೆ ಪಡೆದರೆ ವಿಷದೊಳಗೇ ಮಲಗಿದಂತೆ. ನೀರು ಶುದ್ಧೀಕರಣಕ್ಕೆ ಬಳಸುವ ಒಂದು ಟನ್ನರಿನಲ್ಲಿ (ದೊಡ್ಡ ಉಕ್ಕಿನ ಸಿಲಿಂಡರು) ಸುಮಾರು 900 ಕಿಲೋ ದ್ರವ ಕ್ಲೋರಿನ್ ಇರುತ್ತದೆ, ಒಂದು ಲೀಟರ್ ದ್ರವ ಸೋರಿದರೆ 450 ಲೀಟರಿಗೂ ಹೆಚ್ಚು ಅನಿಲವಾಗುತ್ತದೆ. ಹತ್ತು ಪಿಪಿಎಂ, ಅಂದರೆ ಗಾಳಿಯ ಹತ್ತು ಲಕ್ಷ ಭಾಗದಲ್ಲಿ ಹತ್ತು ಭಾಗದ ಸಾಂದ್ರತೆಯನ್ನೇ ಜೀವಕ್ಕೆ ತಕ್ಷಣದ ಅಪಾಯವೆಂದು ಪರಿಗಣಿಸುತ್ತಾರೆ. ಅಮೋನಿಯ ಗಾಳಿಗಿಂತ ಹಗುರ. ಆದರೆ ಒತ್ತಡದಲ್ಲಿದ್ದ ದ್ರವ ಒಮ್ಮೆಲೇ ಸೋರಿದಾಗ ತಣ್ಣನೆಯ ಬಿಳಿ ಮಂಜಾಗಿ ಅದೂ ನೆಲದ ಮೇಲೆಯೇ ಹರಿಯುತ್ತದೆ, ಆದ್ದರಿಂದ ಪುಸ್ತಕದ ಒಂದು ಸಾಲನ್ನು ನಂಬಿ ಹೋಗಬಾರದು. ಡಿಸ್ಟಿಲರಿಯಲ್ಲಿ ಎಥನಾಲ್ ಹೊತ್ತಿಕೊಂಡರೆ ಹಗಲಿನಲ್ಲಿ ಜ್ವಾಲೆ ಕಣ್ಣಿಗೆ ಕಾಣುವುದೇ ಕಷ್ಟ, ಅದನ್ನು ಆರಿಸಲು ಆಲ್ಕೋಹಾಲ್ ನಿರೋಧಕ ನೊರೆಯೇ ಬೇಕು. ಡಿಸ್ಟಿಲರಿಯ ತ್ಯಾಜ್ಯ ದ್ರವವಾದ ಸ್ಪೆಂಟ್ ವಾಶ್ ಸಂಸ್ಕರಿಸುವ ಕಡೆ ಹೈಡ್ರೋಜನ್ ಸಲ್ಫೈಡ್ ಇರುತ್ತದೆ. ಕೊಳೆತ ಮೊಟ್ಟೆಯ ವಾಸನೆ ನಿಂತುಹೋಯಿತೆಂದರೆ ಅನಿಲ ಹೋಯಿತೆಂದಲ್ಲ, ಮೂಗು ಸೋತಿತೆಂದು ಅರ್ಥ.

ಮಂಡ್ಯದವರಾದ್ದರಿಂದ ಇನ್ನೊಂದು ಮಾತು. ಆಲೆಮನೆಗಳಲ್ಲಿ ಬೆಲ್ಲದ ಬಣ್ಣ ತಿಳಿಯಾಗಿಸಲು ಕೆಲವರು ಬಳಸುವ ಹೈಡ್ರೋಸ್ ಡಬ್ಬಿಗೆ ತೇವ ತಗುಲಿದರೆ ತಾನಾಗಿ ಕಾದು ಹೊತ್ತಿಕೊಳ್ಳಬಲ್ಲದು, ಗಂಧಕದ ಡೈಆಕ್ಸೈಡನ್ನು ಉಗುಳುತ್ತದೆ. ಅಪಾಯಕಾರಿ ರಾಸಾಯನಿಕವೆಂದರೆ ದೊಡ್ಡ ಕಾರ್ಖಾನೆಯ ಗೋಡೆಯೊಳಗೆ ಮಾತ್ರ ಇರುತ್ತದೆಂಬ ಭಾವನೆಯನ್ನು ನಿಮ್ಮ ಹುಡುಗರ ತಲೆಯಿಂದ ತೆಗೆದುಹಾಕಿ.

ಪ್ರಶ್ನೆ ಕೇಳಿದವರ ಮರುಪ್ರಶ್ನೆ: ತರಬೇತುದಾರ, ಮಂಡ್ಯ

ಇಬ್ಬರಿಗೂ ಕೃತಜ್ಞತೆಗಳು. ಆರು ನಿಮಿಷದ ಲೆಕ್ಕವನ್ನು ನಾಳೆಯೇ ತಂಡದ ಮುಂದಿಡುತ್ತೇನೆ. ಪೂರ್ತಿ ಮುಚ್ಚಿದ, ಗಾಳಿ ತೂರದ ಎ ಮಟ್ಟದ ಉಡುಪಿನಲ್ಲಿ ಬಂದೂಕು ಬಳಸುವುದು ಸಾಧ್ಯವೇ? ನಮಗೆ ಯಾವ ಮಟ್ಟದ ಉಡುಪು ಸೂಕ್ತ?

ಉತ್ತರ 3: ಕಮಾಂಡೊ ತರಬೇತಿಯಲ್ಲಿದ್ದ ನಿವೃತ್ತ ಇನ್‌ಸ್ಪೆಕ್ಟರ್, ಮೈಸೂರು

ಎ ಮಟ್ಟದ ಉಡುಪು ಜಿಲ್ಲಾ ತಂಡಕ್ಕೆ ಬೇಡವೆಂಬುದು ನನ್ನ ಸ್ಪಷ್ಟ ಅಭಿಪ್ರಾಯ. ಅದರೊಳಗೆ ಕೈ ಟ್ರಿಗರಿನ ಸುತ್ತ ಹಿಡಿಯುವುದಿಲ್ಲ, ಪಕ್ಕಕ್ಕೆ ನೋಟ ಹೊರಳುವುದಿಲ್ಲ, ಒಂದು ಮೊಳೆ ತಗುಲಿ ಹರಿದರೆ ಅದರ ಉದ್ದೇಶವೇ ಮುಗಿಯಿತು. ಅಷ್ಟು ರಕ್ಷಣೆ ಬೇಕಾಗುವಷ್ಟು ವಿಷವಿರುವ ಕಡೆ ನಿಮ್ಮ ಕೆಲಸ ಸುತ್ತುವರಿದು ನಿಲ್ಲುವುದು, ಮಾತುಕತೆಯಲ್ಲಿ ಕಾಲ ಕಳೆಯುವುದು, ಜನರನ್ನು ತೆರವುಗೊಳಿಸುವುದು. ಗಾಳಿಯಲ್ಲಿ ಏನಿದೆಯೆಂದು ತಿಳಿಯದಿದ್ದರೆ ಬಿಎ ಸೆಟ್ಟಿನೊಂದಿಗೆ ದ್ರವ ಸಿಡಿತ ತಡೆಯುವ ಬಿ ಮಟ್ಟದ ಉಡುಪು. ಏನಿದೆ, ಎಷ್ಟಿದೆ ಎಂದು ಅಳೆದು ತಿಳಿದಿದ್ದರೆ, ಆಮ್ಲಜನಕ ಶೇಕಡಾ 19.5ಕ್ಕಿಂತ ಕಡಿಮೆಯಾಗದಿದ್ದರೆ, ಸಾಂದ್ರತೆ ಜೀವಕ್ಕೆ ತಕ್ಷಣದ ಅಪಾಯದ ಮಿತಿ ಮುಟ್ಟದಿದ್ದರೆ ಮಾತ್ರ ಕ್ಯಾನಿಸ್ಟರ್ ಮುಖವಾಡದ ಸಿ ಮಟ್ಟ. ಕ್ಯಾನಿಸ್ಟರ್ ಗಾಳಿಯನ್ನು ಸೋಸುತ್ತದೆ, ಗಾಳಿಯನ್ನು ಸೃಷ್ಟಿಸುವುದಿಲ್ಲ. ಕ್ಯಾನಿಸ್ಟರಿನ ಮೇಲಿನ ಪಟ್ಟಿಗೆ ಯುರೋಪಿನ ಮಾನಕ ಹೇಳುವ ಬಣ್ಣಗಳಲ್ಲಿ ಸಾವಯವ ಆವಿಗೆ ಕಂದು, ಕ್ಲೋರಿನ್‌ನಂಥವಕ್ಕೆ ಬೂದು, ಆಮ್ಲ ಅನಿಲಕ್ಕೆ ಹಳದಿ, ಅಮೋನಿಯಕ್ಕೆ ಹಸಿರು. ಅಮೋನಿಯದ ಎದುರು ಕಂದು ಪಟ್ಟಿಯದನ್ನು ತೊಟ್ಟು ನಿಂತರೆ ರಕ್ಷಣೆಯಿಲ್ಲ.

ಮುಖವಾಡ ತೊಟ್ಟೊಡನೆ ಬಂದೂಕಿನ ಹಿಡಿ ಕೆನ್ನೆಗೆ ಕೂರುವುದಿಲ್ಲ, ಕಣ್ಣು ಗುರಿಗೆ ಸರಿಯಾಗುವುದಿಲ್ಲ. ಕ್ಯಾನಿಸ್ಟರನ್ನು ಬಲಗೈಯವನಿಗೆ ಎಡಕ್ಕೆ, ಎಡಗೈಯವನಿಗೆ ಬಲಕ್ಕೆ ಜೋಡಿಸಬೇಕು. ಮುಖವಾಡವನ್ನು ಕೊಳ್ಳುವಾಗಲೇ ಇದಕ್ಕೆ ಅವಕಾಶವಿದೆಯೇ ಎಂದು ನೋಡಬೇಕು. ದಪ್ಪ ಕೈಗವಸಿನಲ್ಲಿ ಮ್ಯಾಗಜೀನ್ ಬದಲಿಸುವುದು, ಜ್ಯಾಮ್ ಬಿಡಿಸುವುದು, ಬೇಡಿ ಹಾಕುವುದು, ಎಲ್ಲವನ್ನೂ ಖಾಲಿ ಬಂದೂಕಿನಲ್ಲಿ ಮೊದಲಿನಿಂದ ಕಲಿಯಬೇಕು. ಮಾತು ಮುಖವಾಡದೊಳಗೇ ಉಳಿಯುವುದರಿಂದ ಕೈಸನ್ನೆಗಳು ಬೇಕು. ಗಾಳಿ ಮುಗಿಯುತ್ತಿದೆ, ಉಡುಪು ಹರಿದಿದೆ, ಹಿಂದಿರುಗಿ ಎಂಬ ಮೂರು ಸನ್ನೆಗಳಂತೂ ಕತ್ತಲಲ್ಲೂ ಭುಜ ತಟ್ಟಿ ತಿಳಿಸುವಂತಿರಲಿ. ಗಡ್ಡ ಇರುವವರಿಗೆ ಮುಖವಾಡ ಬಿಗಿಯಾಗಿ ಕೂರುವುದಿಲ್ಲ. ಬಿಗಿ ಪರೀಕ್ಷೆಯಲ್ಲಿ ತೇರ್ಗಡೆಯಾಗದವನನ್ನು, ಅವನು ಎಷ್ಟೇ ಒಳ್ಳೆಯ ಗುರಿಕಾರನಾಗಿದ್ದರೂ, ಹೊರವಲಯದಲ್ಲೇ ನಿಲ್ಲಿಸಿ.

ಅವಧಿಯ ಬಗ್ಗೆ: ಅಮೆರಿಕದ ಕಾರ್ಮಿಕ ಸುರಕ್ಷತಾ ನಿಯಮದಲ್ಲಿ ದೂರದಿಂದ ರಕ್ಷಣಾತ್ಮಕವಾಗಿ ಕೆಲಸ ಮಾಡುವವರಿಗೆ ಕನಿಷ್ಠ 8 ಗಂಟೆ, ಸೋರಿಕೆಯ ಮೂಲದವರೆಗೆ ಹೋಗುವವರಿಗೆ ಕನಿಷ್ಠ 24 ಗಂಟೆ ತರಬೇತಿಯೂ ಪ್ರತಿ ವರ್ಷ ಪುನರಭ್ಯಾಸವೂ ಕಡ್ಡಾಯ. ಅದನ್ನು ಹಾಗೆಯೇ ಎತ್ತಿ ತರಬೇಕೆಂದಿಲ್ಲ. ಇಡೀ ತಂಡಕ್ಕೆ ಗುರುತಿಸುವ ಪಾಠ, ಅದರಲ್ಲಿ ಆಯ್ದ ಕೆಲವರಿಗೆ ಮಾತ್ರ ಉಸಿರಾಟ ಉಪಕರಣದ ಪೂರ್ಣ ತರಬೇತಿ ಎಂಬ ಎರಡು ಹಂತ ನಮಗೂ ಹೊಂದುತ್ತದೆ.

ಹಿಡಿದವನನ್ನು ಏನು ಮಾಡುತ್ತೀರೆಂಬುದನ್ನು ಮೊದಲೇ ಯೋಚಿಸಿ. ಅವನ ಬಟ್ಟೆಯಲ್ಲೂ ವಿಷವಿದೆ. ಜೀಪಿಗೆ ಹತ್ತಿಸಿದರೆ ಜೀಪು, ಠಾಣೆಗೆ ತಂದರೆ ಠಾಣೆ ಕಲುಷಿತವಾಗುತ್ತದೆ. ಒಬ್ಬ ಆಯುಧದೊಂದಿಗೆ ಕಾಯುತ್ತಿರುವಾಗ ಇನ್ನಿಬ್ಬರು ಅವನ ಬಟ್ಟೆ ಕತ್ತರಿಸಿ ತೆಗೆದು, ಮೈ ತೊಳೆದು, ಬೇಡಿ ಬದಲಿಸುವುದನ್ನು ಅಭ್ಯಾಸ ಮಾಡದೆ ಪ್ರವೇಶದ ಅಭ್ಯಾಸ ಮಾಡಬೇಡಿ. ನಿಮ್ಮ ಬಂದೂಕು, ಚರ್ಮದ ಪಟ್ಟಿ, ಶ್ವಾನದಳದ ನಾಯಿ, ಎಲ್ಲಕ್ಕೂ ಇದೇ ಪ್ರಶ್ನೆ. ತೊಳೆಯುವ ಸಾಲು ಸಿದ್ಧವಾಗಿ, ನೀರಿನ ಪೈಪು ತೆರೆದು ನೋಡಿದ ಮೇಲಷ್ಟೇ ಮೊದಲ ಮನುಷ್ಯ ಒಳಗೆ ಕಾಲಿಡಬೇಕು.

ಉತ್ತರ 4: ತುರ್ತು ಚಿಕಿತ್ಸಾ ವೈದ್ಯೆ, ಮೈಸೂರು

ತೊಳೆಯುವ ಸಾಲಿನ ಬಗ್ಗೆ ಮೇಲಿನವರು ಹೇಳಿದ್ದು ಆಸ್ಪತ್ರೆಯ ದೃಷ್ಟಿಯಿಂದಲೂ ಅತ್ಯಂತ ಮುಖ್ಯ. 1995ರ ಮಾರ್ಚ್ 20ರಂದು ಟೋಕಿಯೊ ಸುರಂಗ ರೈಲಿನಲ್ಲಿ ಸಾರಿನ್ ಎಂಬ ನರವಿಷದ ದಾಳಿಯಾದಾಗ, ಬಟ್ಟೆ ಬದಲಿಸದೆಯೇ ಬಂದ ರೋಗಿಗಳಿಂದ ಹೊರಟ ಆವಿಗೆ ಚಿಕಿತ್ಸೆ ನೀಡುತ್ತಿದ್ದ ಸಿಬ್ಬಂದಿಯೂ ತುತ್ತಾದರು. 2018ರ ಡಿಸೆಂಬರ್ 14ರಂದು ಚಾಮರಾಜನಗರ ಜಿಲ್ಲೆಯ ಸುಳ್ವಾಡಿಯ ದೇವಸ್ಥಾನದ ಪ್ರಸಾದದಲ್ಲಿ ಕೀಟನಾಶಕ ಬೆರೆತು ಅಸ್ವಸ್ಥರಾದವರು ಮೈಸೂರಿನ ಆಸ್ಪತ್ರೆಗಳಿಗೆ ಬಂದದ್ದು ಇಲ್ಲಿನ ಯಾರಿಗೂ ಮರೆತಿಲ್ಲ. ಆರ್ಗನೋಫಾಸ್ಫೇಟ್ ಎಂಬ ಆ ಜಾತಿಯ ಕೀಟನಾಶಕವೂ ಸಾರಿನ್ನೂ ದೇಹದಲ್ಲಿ ತಡೆಯುವುದು ಒಂದೇ ಕಿಣ್ವವನ್ನು. ಕಣ್ಣಿನ ಪಾಪೆ ಸೂಜಿಮೊನೆಯಷ್ಟು ಕಿರಿದಾಗುವುದು, ಜೊಲ್ಲು, ಬೆವರು, ಎದೆಯಲ್ಲಿ ಗೊರಗೊರ, ಸ್ನಾಯುಗಳ ಅದುರು: ಈ ಲಕ್ಷಣಗಳನ್ನು ನಿಮ್ಮ ತಂಡದ ಪ್ರತಿಯೊಬ್ಬರೂ ಗುರುತಿಸಬೇಕು. ಇದಕ್ಕೆ ಅಟ್ರೋಪಿನ್ ಕೊಟ್ಟು ನಿಭಾಯಿಸುವುದರಲ್ಲಿ ನಮ್ಮ ಭಾಗದ ವೈದ್ಯರಿಗೆ, ದುರದೃಷ್ಟವಶಾತ್, ಬಹಳ ಅನುಭವವಿದೆ. ಬಟ್ಟೆ ತೆಗೆದರೇ ಬಹುಪಾಲು ವಿಷ ದೂರವಾಗುತ್ತದೆ. ಉಳಿದದ್ದಕ್ಕೆ ಧಾರಾಳ ನೀರು.

ಏನು ಬಳಸಲಾಗಿದೆಯೆಂಬುದನ್ನು ಆಸ್ಪತ್ರೆಗೆ ಮುಚ್ಚಿಡಬೇಡಿ. 2002ರ ಅಕ್ಟೋಬರಿನಲ್ಲಿ ಮಾಸ್ಕೋದ ರಂಗಮಂದಿರದಲ್ಲಿ ಒತ್ತೆಯಾಳುಗಳನ್ನು ಬಿಡಿಸಲು ಭದ್ರತಾ ಪಡೆಗಳೇ ಫೆಂಟನಿಲ್ ಜಾತಿಯ ಮಂಪರುಕಾರಕ ಬಿಟ್ಟು, ಅದು ಏನೆಂದು ವೈದ್ಯರಿಗೆ ಸಕಾಲದಲ್ಲಿ ತಿಳಿಸದೆ ಹೋದದ್ದರಿಂದ, ಸತ್ತ 130ರ ಆಸುಪಾಸಿನ ಒತ್ತೆಯಾಳುಗಳಲ್ಲಿ ಹೆಚ್ಚಿನವರು ಬಂದೂಕಿನಿಂದಲ್ಲ, ಉಸಿರು ನಿಂತು ಸತ್ತರು. ಅಂಗಾತ ಮಲಗಿಸಿದ್ದರಿಂದ ನಾಲಿಗೆ ಹಿಂದೆ ಸರಿದು ಉಸಿರುಗಟ್ಟಿದವರೂ ಇದ್ದರು. ಪ್ರಜ್ಞೆಯಿಲ್ಲದವರನ್ನು ಮಗ್ಗುಲಾಗಿ ಮಲಗಿಸುವಷ್ಟನ್ನು ನಿಮ್ಮ ಹುಡುಗರು ಕಲಿತರೂ ಜೀವಗಳು ಉಳಿಯುತ್ತವೆ.

ನಿಮ್ಮವರ ಆರೋಗ್ಯದ ಬಗ್ಗೆ: ಏಪ್ರಿಲ್ ಬಿಸಿಲಿನಲ್ಲಿ ಬೆವರು ಆವಿಯಾಗದ ಉಡುಪಿನೊಳಗೆ ದೇಹದ ಉಷ್ಣತೆ ಬೇಗ ಏರುತ್ತದೆ. ತೊಡುವ ಮೊದಲು ಮತ್ತು ತೆಗೆದ ಮೇಲೆ ನಾಡಿ, ರಕ್ತದೊತ್ತಡ, ಉಷ್ಣತೆ ನೋಡಿ ಬರೆದಿಡಿ. ನಾಡಿ ಇಳಿಯದವನನ್ನು ಎರಡನೆಯ ಸಲ ಕಳುಹಿಸಬೇಡಿ. ಮಾತು ತೊದಲಿದರೆ, ದಿಕ್ಕು ತಪ್ಪಿದರೆ, ಅದನ್ನು ದಣಿವೆಂದು ಬಿಡದೆ ಕೂಡಲೇ ಉಡುಪು ಕಳಚಿ ತಣ್ಣೀರು ಸುರಿಯಿರಿ.

ಉತ್ತರ 5: ನಿವೃತ್ತ ಸರ್ಕಾರಿ ಅಭಿಯೋಜಕ, ಮಂಡ್ಯ

ಪಂಚರ ಪ್ರಶ್ನೆಗೆ ಮಾತ್ರ ಉತ್ತರಿಸುತ್ತೇನೆ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 105ನೇ ಕಲಮಿನಂತೆ ಶೋಧ ಮತ್ತು ವಶಪಡಿಸಿಕೊಳ್ಳುವಿಕೆಯ ದೃಶ್ಯ–ಧ್ವನಿ ಮುದ್ರಣ ಈಗ ಕಡ್ಡಾಯ. ಇದನ್ನು ಹೊರೆಯೆಂದು ನೋಡದೆ ಅನುಕೂಲವೆಂದು ನೋಡಿ. ಮುಖವಾಡವಿಲ್ಲದ ನಾಗರಿಕರನ್ನು ಆವಿ ತುಂಬಿದ ಕೋಣೆಗೆ ಕರೆದೊಯ್ಯುವುದು ಯಾವ ಕಾನೂನಿನ ಆಶಯವೂ ಆಗಿರಲಾರದು. ಗಾಳಿ ಸುರಕ್ಷಿತವೆಂದು ಅಗ್ನಿಶಾಮಕ ಅಥವಾ ವಿಧಿವಿಜ್ಞಾನ ತಜ್ಞರು ಅಳತೆಯೊಂದಿಗೆ ಬರೆದುಕೊಡುವವರೆಗೆ ಪಂಚರು ಸುರಕ್ಷಿತ ವಲಯದಲ್ಲಿ ನಿಂತು ಒಳಗಿನ ಕ್ಯಾಮೆರಾದ ನೇರ ದೃಶ್ಯವನ್ನು ನೋಡಲಿ, ಕೋಣೆ ಸುರಕ್ಷಿತವಾದ ಮೇಲೆ ಅವರ ಸಮಕ್ಷಮದಲ್ಲಿ ಜಪ್ತಿಯಾಗಲಿ, ಈ ಕಾರಣ ಮತ್ತು ವೇಳೆಯನ್ನು ಮಹಜರಿನಲ್ಲಿಯೇ ದಾಖಲಿಸಿ. ಕ್ಯಾಮೆರಾ ಮಾತ್ರ ಕಿಡಿ ಹಾರದ ಮಾದರಿಯದಾಗಿರಬೇಕು; ಅದು ಇಲ್ಲದಿದ್ದರೆ ಆವಿ ಪೂರ್ತಿ ಹೊರಹೋಗುವವರೆಗೆ ಬಾಗಿಲ ಹೊರಗಿನಿಂದ ಮುದ್ರಿಸಿ, ಹಾಗೇಕೆ ಮಾಡಿದಿರೆಂದೂ ಬರೆಯಿರಿ. ಮಾದರಿಗಳನ್ನು ಮೈಸೂರಿನ ಪ್ರಾದೇಶಿಕ ವಿಧಿವಿಜ್ಞಾನ ಪ್ರಯೋಗಾಲಯದ ತಜ್ಞರು ಬಂದೇ ತೆಗೆಯಲಿ. ಮೂಸಿ ನೋಡಿ, ಬೆರಳಿಗೆ ಹಚ್ಚಿ ನೋಡಿ ಗುರುತಿಸುವ ಹಳೆಯ ರೂಢಿಯನ್ನು ತನಿಖಾಧಿಕಾರಿಗಳು ಈಗಲಾದರೂ ನಿಲ್ಲಿಸಬೇಕು. ನಿಮ್ಮ ತಂಡದ ಮುಂದಿನ ಅಭ್ಯಾಸಕ್ಕೆ ಒಬ್ಬ ತನಿಖಾಧಿಕಾರಿಯನ್ನೂ ಇಬ್ಬರು ಪಂಚರನ್ನೂ ಕರೆದು, ಅವರು ಎಲ್ಲಿ ನಿಲ್ಲಬೇಕೆಂಬ ಗೆರೆಯನ್ನು ಸುಣ್ಣದಲ್ಲಿ ಎಳೆದೇ ಆರಂಭಿಸಿ.